ಏಳಲೊಲ್ಲದ ಪಿನ್ನು

ತವರಿನಿಂದ ಅರ, ಸುತ್ತಿಗೆ ಮತ್ತು ಮೂಗಿನ ತುದಿಯ ಕೋಪ ಹೊತ್ತು ತಂದವಳು ಬೀಗದಕ್ಕ. ಅವಳು ಮಾಡಿದ ಸೈಕಲ್ ಬೀಗಗಳಿಗೆ ಊರಲ್ಲಿ ಒಳ್ಳೆಯ ಹೆಸರಿತ್ತು. ಆದರೆ ಹೊಸ ಬೀಗವನ್ನು ಅವಳ ಗಂಡನೇ ಕಣ್ಣು ಮಿಟುಕಿಸುವಷ್ಟರಲ್ಲಿ ತೆಗೆದು ಹಲ್ಲು ಕಿರಿಯುತ್ತಿದ್ದ. ಹಲ್ಲುಗಳನ್ನೆಲ್ಲ ಅರದಿಂದ ಉಜ್ಜಿ ತಗ್ಗಿಸಿದ ಕೀಯೊಂದನ್ನು ಬೀಗಕ್ಕೆ ತೂರಿಸಿ, ಆ ಕೀಯ ತಲೆಗೊಂದು ಏಟು ಹಾಕಿದರೆ, ಒಳಗಿನ ಪಿನ್ನುಗಳೆಲ್ಲ ಒಟ್ಟಿಗೆ ಮೇಲಕ್ಕೆ ನೆಗೆಯುತ್ತಿದ್ದವು. ಆ ಗಳಿಗೆಯಲ್ಲಿ ಕೀ ತಿರುಗಿಸಿದರೆ ಮುಗಿಯಿತು.

"ನಿಮ್ಮ ಕೈಗಿಷ್ಟು ಬೆಂಕಿ ಹಾಕ!" ಎಂದು ಒಂದು ದಿನ ಅವಳು ಬೈಯುತ್ತಿರುವಾಗಲೇ ಯಾರೋ ಬಾಗಿಲು ತಟ್ಟಿದರು. ಗಂಡ ಎದ್ದ, ಅತ್ತೆ ಎದ್ದರು, ಅವಳೂ ಎದ್ದಳು. ಗಂಡನ ಅಣ್ಣ ಮಾತ್ರ ಮಂಚದ ಮೇಲೆ ಮಗ್ಗುಲು ಕೂಡ ಬದಲಿಸಲಿಲ್ಲ. ಸಿಡುಕಲು ಬಾಯಿ ತೆರೆದವಳು ಹಾಗೇ ನಿಂತಳು.

"ಅಯ್ಯೋ, ಬೀಗದೊಳಗೂ ಇಂಥವರೊಬ್ರು ಬೇಕಲ್ಲ!"

ಒಂದು ಪಿನ್ನನ್ನು ಗಿಡ್ಡ ಮಾಡಿ, ಆ ಉಜ್ಜಿದ ಕೀ ತಾಗದಷ್ಟು ಮೇಲೆ ಕೂರಿಸಿದಳು. ಬೀಗದ ಸ್ವಂತ ಕೀಯ ಎತ್ತರದ ಹಲ್ಲು ಬಂದು ಎತ್ತಿದರೆ ಮಾತ್ರ ಅದು ಏಳಬೇಕು; ಅದೊಂದು ಏಳದಿದ್ದರೂ ಕೀ ತಿರುಗದು. ಗಂಡ ಬಡಿದ, ಬಡಿದ, ಹೆಬ್ಬೆರಳು ಬಾತುಕೊಂಡಿತೇ ಹೊರತು ಬೀಗ ಜಪ್ಪಯ್ಯ ಅನ್ನಲಿಲ್ಲ. ಅತ್ತೆ ನಕ್ಕು ನಕ್ಕು ಕಣ್ಣೊರೆಸಿಕೊಂಡರು.

"ಆ ಪಿನ್ನಿಗೆ ನಿಮ್ಮ ಹೆಸರೇ ಇಟ್ಟಿದ್ದೀನಿ, ಭಾವ" ಎಂದಳು ಬೀಗದಕ್ಕ.

ಅಷ್ಟರಲ್ಲಿ ಮತ್ತೆ ಬಾಗಿಲು ತಟ್ಟಿದ ಸದ್ದಾಯಿತು.

"ಈಗಲಾದ್ರೂ ಏಳಿ, ಭಾವ!"

ಭಾವ ದಿಂಬನ್ನು ಸರಿಮಾಡಿಕೊಂಡು ಹಾಯಾಗಿ ಕಾಲು ಚಾಚಿದರು.

"ಹೇಗಮ್ಮಾ ಏಳ್ಲಿ? ನಾನು ಎದ್ರೆ ಊರಿನ ಸೈಕಲ್ಲೆಲ್ಲ ಕಳ್ಳರ ಪಾಲಾಗುತ್ತಲ್ಲ!"