ರೆಕ್ಕೆಗೆ ಬಿಟ್ಟ ಎಣ್ಣೆ

ನಾಣ್ಯ ಹಾಕಿದರೆ ನಡೆಯುವ ಯಂತ್ರಗಳ ರಿಪೇರಿ ನನ್ನ ಕಸುಬು. ಇದನ್ನು ಕೇಳಿದವರು ಮೊದಲು ನಗುತ್ತಾರೆ, ಆಮೇಲೆ ಹೊಟ್ಟೆಗೆ ಸಾಲುತ್ತದೆಯೇ ಎಂದು ಕೇಳುತ್ತಾರೆ. ಸಾಲುವುದಿಲ್ಲ. ಅದಕ್ಕೇ ಜಮಖಂಡಿಯ ನನ್ನ ಅಂಗಡಿಯಲ್ಲಿ ಮಿಕ್ಸರು, ಫ್ಯಾನು, ಇಸ್ತ್ರಿಪೆಟ್ಟಿಗೆ ಎಲ್ಲವೂ ಇವೆ. ಆದರೆ ನನ್ನ ಮನಸ್ಸು ಇರುವುದು ಮುಧೋಳದ ಬಸ್ ನಿಲ್ದಾಣದ ತೂಕದ ಯಂತ್ರದಲ್ಲಿ, ಸಾವಳಗಿಯ ಕುಡಿಯುವ ನೀರಿನ ಯಂತ್ರದಲ್ಲಿ, ಬೀಳಗಿಯ ಐಸ್‌ಕ್ರೀಂ ಅಂಗಡಿಯ ಮೂಲೆಯಲ್ಲಿರುವ ಎರಡು ವಿಡಿಯೋ ಗೇಮುಗಳಲ್ಲಿ. ಎಲ್ಲರೂ ಫೋನು ತೋರಿಸಿ ದುಡ್ಡು ಕೊಡುವ ಈ ಕಾಲದಲ್ಲಿ ಇವೆಲ್ಲ ಇನ್ನೆಷ್ಟು ದಿನ ಎಂದು ಕೇಳಬೇಡಿ, ನನಗೆ ಸಿಟ್ಟು ಬರುತ್ತದೆ.

ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಯಂತ್ರಗಳ ಕಾಯಿಲೆ ಊರಿಗೊಂದು ಥರ. ಮುಧೋಳದಲ್ಲಿ ಕಬ್ಬಿನ ಹಂಗಾಮು ಶುರುವಾಯಿತೆಂದರೆ ಬೆಲ್ಲದ ಗಾಣದಿಂದ ಬಂದ ನಾಣ್ಯಗಳು ಅಂಟಂಟಾಗಿ, ಜಾರಬೇಕಾದ ಹಾದಿಯಲ್ಲಿ ಕುಳಿತುಬಿಡುತ್ತವೆ. ಸಾವಳಗಿಯಲ್ಲಿ ಧೂಳು. ಆದರೆ ಕಾಯಿಲೆ ಯಾವುದೇ ಇರಲಿ, ಜನರಿಗೆ ಗೊತ್ತಿರುವ ಔಷಧ ಒಂದೇ, ಗುದ್ದುವುದು. ಗುದ್ದಿದವನು ಎದುರಿಗೇ ಸಿಕ್ಕರೆ ನಾನು ಅವನ ಏಳು ತಲೆಮಾರನ್ನು ನೆನೆಯದೆ ಬಿಟ್ಟವನಲ್ಲ.

ಒಬ್ಬರ ಎದುರು ಮಾತ್ರ ನನ್ನ ನಾಲಿಗೆ ಏಳುವುದಿಲ್ಲ. ಬನಹಟ್ಟಿಯಲ್ಲಿ ಅವರು ಜಾಬರ್ ಆಗಿದ್ದರು, ಅಂದರೆ ವಿದ್ಯುತ್ ಮಗ್ಗಗಳ ರಿಪೇರಿ ನೋಡುವ ಮೇಸ್ತ್ರಿ. ನಾನು ಅವರನ್ನು ಕಾಕಾ ಎನ್ನುತ್ತೇನೆ, ರಕ್ತಸಂಬಂಧವೇನಿಲ್ಲ. ಹತ್ತೊಂಬತ್ತನೆಯ ವಯಸ್ಸಿಗೆ ಅವರ ಕೈಕೆಳಗೆ ಸೇರಿದೆ. ಓಡುತ್ತಿರುವ ಮಗ್ಗದ ಚೌಕಟ್ಟಿನ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ, ಯಾವ ಹಲ್ಲು ಸವೆದಿದೆ ಎಂದು ಹೇಳುತ್ತಿದ್ದರು. ನನಗೆ ಯಂತ್ರದ ಬಗ್ಗೆ ಏನು ಗೊತ್ತಿದೆಯೋ ಅದರ ಬುಡ ಅಲ್ಲಿದೆ.

ನಾಲ್ಕು ವರ್ಷದ ಹಿಂದೆ ಕಾಕಾ ತಮ್ಮ ಸ್ವಂತದ ಎರಡು ಮಗ್ಗ ಮಾರಿದರು. ಮನೆಯ ಮುಂದಿನ ಶೆಡ್ಡು ಖಾಲಿಯಾಯಿತು. ಖಾಲಿ ಕೂತರೆ ಕಾಕಾನ ಜೀವ ಹೋಗುತ್ತದೆಂದು ನಾನೇ ಸಾಂಗ್ಲಿಯಲ್ಲಿ ಮುಚ್ಚಿದ ಒಂದು ಆಟದ ಅಂಗಡಿಯಿಂದ ಹಳೆಯ ಪಿನ್‌ಬಾಲ್ ಯಂತ್ರವೊಂದನ್ನು ಕೊಡಿಸಿದೆ. ಇಳಿಜಾರಾದ ಮೇಜು, ಮೇಲೆ ಗಾಜು, ಒಳಗೆ ಒಂದು ಉಕ್ಕಿನ ಗುಂಡು. ನಾಣ್ಯ ಹಾಕಿ ಸ್ಪ್ರಿಂಗ್ ಎಳೆದು ಬಿಟ್ಟರೆ ಗುಂಡು ಮೇಲೇರಿ ಗಂಟೆ, ದೀಪಗಳಿಗೆ ಬಡಿದುಕೊಳ್ಳುತ್ತ ಕೆಳಗೆ ಜಾರುತ್ತದೆ. ಕೆಳಗೆ ಎರಡು ರೆಕ್ಕೆಗಳಿವೆ. ಸರಿಯಾದ ಹೊತ್ತಿಗೆ ಬಟನ್ ಒತ್ತಿದರೆ ರೆಕ್ಕೆ ಎದ್ದು ಗುಂಡನ್ನು ಮತ್ತೆ ಮೇಲಕ್ಕಟ್ಟುತ್ತದೆ, ಇಲ್ಲದಿದ್ದರೆ ಗುಂಡು ಗುಳುಂ. ಪಾಳಿ ಮುಗಿಸಿದ ನೇಕಾರರು ಮನೆಗೆ ಹೋಗುವ ಮೊದಲು ಶೆಡ್ಡಿಗೆ ಬಂದು ಒಂದು ನಾಣ್ಯ ಹಾಕುವುದು ರೂಢಿಯಾಯಿತು. ಕಾಕಾ ಅದರ ಪಕ್ಕ ಕುರ್ಚಿ ಹಾಕಿಕೊಂಡು, ಮಗ್ಗದ ಮೇಲೆ ಕಣ್ಣಿಟ್ಟ ಹಾಗೆಯೇ ಕಣ್ಣಿಟ್ಟು ಕೂರುತ್ತಿದ್ದರು. ದೀಪ ಬದಲಿಸುವುದು, ರಬ್ಬರ್ ಹಾಕುವುದು, ತಂತಿ ಬೆಸೆಯುವುದು ಎಲ್ಲ ತಾವೇ ಕಲಿತರು.

ಕಳೆದ ಬೇಸಿಗೆಯಲ್ಲಿ ರೆಕ್ಕೆಗಳು ಸೋತವು. ಬಟನ್ ಒತ್ತಿದರೆ ಅರ್ಧ ಎದ್ದು, ಉಂಡು ಮಲಗಿದವನ ಹಾಗೆ ಮೆಲ್ಲಗೆ ಬೀಳುತ್ತಿದ್ದವು. ನಾನು ಹೋಗಿ ಮೇಜು ಎತ್ತಿ ನೋಡಿದೆ. ರೆಕ್ಕೆಯ ಕೆಳಗೆ ತಂತಿ ಸುತ್ತಿದ ಕಾಯಿಲ್ ಇರುತ್ತದೆ, ಅದರೊಳಗಿನ ಪ್ಲಾಸ್ಟಿಕ್ ನಳಿಗೆಯಲ್ಲಿ ಒಂದು ಕಬ್ಬಿಣದ ಸಲಾಕೆ ಸರಕ್ಕನೆ ಒಳಗೆ ಹೊರಗೆ ಓಡಾಡಬೇಕು. ಆ ನಳಿಗೆ ತುಂಬ ಕಪ್ಪು ರಾಡಿ. ಹಳೆಯ ಮಾಲೀಕನ ಕೊಳೆ ಎಂದುಕೊಂಡು ಒರೆಸಿ, ಒಣಗಿಸಿ ಬಂದೆ. ರೆಕ್ಕೆ ಹಾರಿತು. ಹದಿನೈದು ದಿನಕ್ಕೆ ಮತ್ತೆ ಫೋನು.

ಎರಡನೆಯ ಸಲ ಹೋದಾಗ ಕಾಕಾ ಹೆಮ್ಮೆಯಿಂದಲೇ ಹೇಳಿದರು: "ನಾ ಏನ್ ಕಡಿಮಿ ಮಾಡಿಲ್ಲಪಾ. ಯುಗಾದಿಗೆ ಒಮ್ಮೆ ರೆಕ್ಕಿ ಕಿರ್ ಅಂತು, ಅವತ್ತಿಂದ ದಿನಾ ಮುಂಜಾನೆ ಎರಡೂ ರೆಕ್ಕಿಗೆ ಎಣ್ಣಿ ಬಿಟ್ಟ ಶುರು ಮಾಡತೇನಿ."

ನನಗೆ ಎಲ್ಲ ತಿಳಿಯಿತು. ಬನಹಟ್ಟಿಯಲ್ಲಿ ಎಣ್ಣೆ ಬಿಡದೆ ಮಗ್ಗ ಶುರು ಮಾಡುವವನು ಜಾಬರೇ ಅಲ್ಲ. ಆದರೆ ಪಿನ್‌ಬಾಲಿನ ನಳಿಗೆ ಒಣಗಿಯೇ ಇರಬೇಕು, ಒಂದು ಹನಿಯೂ ಬೀಳಬಾರದು. ಅದರಲ್ಲೂ ಆ ಓಣಿಯಲ್ಲಿ ಎಡಬಲದ ಶೆಡ್ಡುಗಳಿಂದ ಹತ್ತಿಯ ನವಿರು ಹಗಲೂ ಇರುಳೂ ಹಾರಿ ಬರುತ್ತದೆ. ಎಣ್ಣೆಗೆ ನವಿರು ಕೂಡಿದರೆ ಅದು ರಾಡಿಯಾಗದೆ ಇನ್ನೇನಾದೀತು? ಬೇರೆ ಯಾರಾದರೂ ಆಗಿದ್ದರೆ ನಾನು ಶೆಡ್ಡು ಹಾರಿಹೋಗುವಂತೆ ಬೈಯುತ್ತಿದ್ದೆ. ಕಾಕಾನ ಎದುರು ನೇಕಾರರು ನಾಲ್ಕು ಜನ ನಿಂತಿದ್ದರು. ಗುರುವಿಗೇ ತಿರುಮಂತ್ರ ಹೇಳುವುದೇ?

"ಕಾಯಿಲ್ ಹಳೇದ ಆಗೇದರಿ ಕಾಕಾ," ಎಂದೆ.

ಹೀಗೆ ಆರು ತಿಂಗಳು ನಡೆಯಿತು. ಹೋಗುತ್ತಿದ್ದೆ, ಒರೆಸುತ್ತಿದ್ದೆ, ಸುಳ್ಳು ಹೇಳುತ್ತಿದ್ದೆ. ಒಮ್ಮೆ ಕರೆಂಟಿನ ತಪ್ಪು, ಒಮ್ಮೆ ಸ್ಪ್ರಿಂಗಿನದು. ಒಳ್ಳೆಯ ಕಾಯಿಲ್ ಬಿಚ್ಚಿ ಹೊಸದು ಹಾಕಿ, ಬಿಚ್ಚಿದ್ದನ್ನು ನನ್ನ ಚೀಲದಲ್ಲಿ ಮುಚ್ಚಿಟ್ಟುಕೊಂಡು ಬಂದದ್ದೂ ಉಂಟು. ಹಾವು ಸಾಯಲಿಲ್ಲ, ಕೋಲು ಮುರಿಯಲಿಲ್ಲ. ಹಿರಿಯರ ಮಾನ ಕಾಯುತ್ತಿದ್ದೇನೆಂದು ನನಗೆ ಒಳಗೊಳಗೆ ಸಮಾಧಾನವೂ ಇತ್ತು, ಸುಳ್ಳೇಕೆ ಹೇಳಲಿ.

ದೀಪಾವಳಿ ಮುಗಿದ ವಾರ ಫೋನು ಬಂದದ್ದು ಕಾಕಾನದಲ್ಲ, ಅವರ ಹೆಂಡತಿ ಕಾಕೂದು. ನಾನು ಹೋದಾಗ ಅವರು ಬಾಗಿಲಲ್ಲೇ ತಡೆದು ದನಿ ತಗ್ಗಿಸಿ ಹೇಳಿದರು: "ಮಷಿನ್ ಗುಜರಿಗೆ ಹಾಕತೇನಿ ಅಂತ ಕುಂತಾರ. ನಾಳೆ ಗಾಡಿ ಬರತದಂತ. ಮಷಿನ್ ಹೋದ್ರ ಹೋಗಲಿ, ಇವರದ್ದ ನನಗ ಚಿಂತಿ. ಮೊನ್ನಿ ಬಾಜೂ ಶೆಡ್ಡಿನವರು ಒಂದ ಮಗ್ಗ ನೋಡ ಬರ್ರಿ ಅಂತ ಕರದ್ರು, ಹೋಗಲಿಲ್ಲ. ಮನಿ ಬಲ್ಬ್ ಹಾಕೂದೂ ಬಿಟ್ಟಾರ."

"ಯಾಕಂತರೀ?"

"ನೀನ ಕೇಳು."

ಕಾಕಾ ಯಂತ್ರದ ಪಕ್ಕದ ಕುರ್ಚಿಯಲ್ಲಿದ್ದರು. ಯಂತ್ರ ಬಂದ್ ಆಗಿತ್ತು. ಯಾಕೆ ಮಾರುತ್ತೀರಿ ಎಂದರೆ ತಮ್ಮ ಅಂಗೈ ತಿರುಗಿಸಿ ನೋಡಿಕೊಂಡರು.

"ನೀ ಮುಟ್ಟಿದ್ರ ನಡೀತದ. ಹದಿನೈದ ದಿನ ನಾ ಮುಟ್ಟಿದ್ರ ನಿಲ್ಲತದ," ಎಂದರು. "ಕಾಯಿಲ್ ಬದಲ ಮಾಡಿದಿ, ಸ್ಪ್ರಿಂಗ್ ಬದಲ ಮಾಡಿದಿ. ಎಲ್ಲಾ ಹೊಸಾದ. ಹಳೇದ ಏನರೆ ಉಳದಿದ್ರ ಅದು ನನ್ನ ಕೈ. ಕೈಯಾಗಿನ ಗುಣ ಹೋತು. ಇನ್ನ ಯಾರ ಮಗ್ಗ ಮುಟ್ಟಿ ಕೆಡಸ್ಲಿ?"

ಕಾಕಾನ ಲೆಕ್ಕ ತಪ್ಪಿರಲಿಲ್ಲ. ನಾನು ಕೊಟ್ಟ ಸುಳ್ಳುಗಳನ್ನೆಲ್ಲ ಒಂದೊಂದಾಗಿ ಜೋಡಿಸಿ ನೋಡಿದರೆ ಯಾವ ಬುದ್ಧಿವಂತನಾದರೂ ಅಲ್ಲಿಗೇ ಬರುತ್ತಿದ್ದ. ಮತ್ತು ಕಾಕಾ ಬುದ್ಧಿವಂತರು.

ಮೇಜಿನ ಗಾಜು ತೆಗೆದೆ. ಮೇಜು ಎತ್ತಿ ನಿಲ್ಲಿಸಿ, ನಳಿಗೆ ಬಿಚ್ಚಿ ಅವರ ಅಂಗೈಯಲ್ಲಿಟ್ಟೆ. ಕಾಕಾ ಬೆರಳಲ್ಲಿ ರಾಡಿ ಉಜ್ಜಿ ನೋಡಿದರು. ಎಣ್ಣೆ, ಹತ್ತಿ. ಐವತ್ತು ವರ್ಷ ಅವೆರಡರ ನಡುವೆಯೇ ಬದುಕಿದ ಬೆರಳಿಗೆ ಗುರುತು ಹತ್ತಲು ತಡವಾಗಲಿಲ್ಲ.

"ಇದಕ್ಕ ಎಣ್ಣಿ ಬಿಡಬಾರದರಿ ಕಾಕಾ," ಎಂದೆ. "ಒಣಾ ಇರಬೇಕು. ಮಗ್ಗದಂಗಲ್ಲ ಇದು. ಎಣ್ಣಿ ಬಿಟ್ಟಿದ್ದಕ್ಕ ಕೆಟ್ಟದ, ಮತ್ತ್ಯಾತಕ್ಕೂ ಅಲ್ಲ."

ಕಾಕೂ ಬಾಗಿಲಲ್ಲಿ ಸೆರಗು ಹಿಡಿದು ನಿಂತಿದ್ದರು. ಕಾಕಾ ಸಿಟ್ಟಾಗುತ್ತಾರೆ, ಇಲ್ಲವೇ ನಾಚಿಕೆಯಿಂದ ತಲೆ ತಗ್ಗಿಸುತ್ತಾರೆ ಎಂದು ಕಾದೆ. ಎರಡನ್ನೂ ನೋಡುವ ಧೈರ್ಯ ನನಗಿರಲಿಲ್ಲ, ನಳಿಗೆಯನ್ನೇ ನೋಡುತ್ತಿದ್ದೆ.

"ಯಾವಾಗಿಂದ ಗೊತ್ತು ನಿನಗ?"

"ಎರಡನೇ ಸಲ ಬಂದಾಗಿಂದರಿ."

"ಅಂದ್ರ ಬ್ಯಾಸಗಿಯಿಂದ."

"ಹೌದ್ರಿ. ನಾಕ ಮಂದಿ ಮುಂದ ಹೆಂಗ ಹೇಳೂದು ಅಂತ…"

ಅವರು ನಳಿಗೆಯನ್ನು ಬೆಳಕಿಗೆ ಹಿಡಿದು ಒಳಗೆ ಇಣುಕಿದರು. ಕೈ ಒಂದಿಷ್ಟೂ ನಡುಗುತ್ತಿರಲಿಲ್ಲ. ಅದು ನಡುಗಿದ್ದನ್ನು ನಾನು ಯಾವತ್ತೂ ಕಂಡಿರಲಿಲ್ಲ.

"ಹಂಗಾರ ಕೈ ಕೆಟ್ಟಿಲ್ಲ."

"ಇಲ್ರಿ."

"ಗೊತ್ತಿರಲಿಲ್ಲ, ಅಷ್ಟ."

"ಅಷ್ಟರಿ ಕಾಕಾ."

ಕಾಕಾ ಉಸಿರು ಬಿಟ್ಟರು. ಮುಖ ಸಡಿಲವಾಯಿತು, ನಕ್ಕೇಬಿಟ್ಟಾರೋ ಅನ್ನಿಸಿತು. ನಗಲಿಲ್ಲ. ನನ್ನ ಕಡೆ ತಿರುಗಿದಾಗ ಅವರ ಕಣ್ಣು ತುಂಬಿತ್ತು.

"ಲೇ, ಮೊದಲ್ನೇ ವರ್ಷ ನೀ ಮಗ್ಗದ ಮ್ಯಾಲಿನ ಒಂದ ಇಡೀ ನೂಲಿನ ಹಾಸು ಹರದ ಹಾಕಿದ್ದಿ. ಎಲ್ಲಾರ ಮುಂದ ಬೈದಿದ್ದೆ ನಾ. ಯಾಕ ಬೈದೆ? ನಿನಗ ಬರತದ ಅಂತ ಗೊತ್ತಿತ್ತು, ಅದಕ್ಕ ಬೈದೆ. ಬರೂದಿಲ್ಲ ಅನ್ನೋರ್ನ ಯಾರೂ ಬೈಯೂದಿಲ್ಲ." ನಳಿಗೆಯ ಮೇಲೆ ಬೆರಳಾಡಿಸುತ್ತ ಹೇಳಿದರು: "ಆರ ತಿಂಗಳು ನೀ ನನ್ನ ಬೈಲಿಲ್ಲ."

ಕಾಕೂ ಒಳಗಿಂದ ಹಳೆಯ ಧೋತರದ ತುಂಡು ತಂದು ಕೊಟ್ಟರು. ಕಾಕಾ ಅದನ್ನು ಹರಿದು, ಅರ್ಧ ನನ್ನ ಕೈಗಿಟ್ಟು, ತಾವೇ ನಳಿಗೆ ಒರೆಸಲು ಕುಳಿತರು.