ಗಾಳಿಯ ತೂಕ ತೋರಿಸಿದ ಹವಾ ಟೀಚರ್

ಶಹಾಬಾದಿನಲ್ಲಿ ನಜಮುನ್ನೀಸಾ ಅವರ ಮನೆ ಯಾವುದು ಎಂದರೆ ಜನ ತಲೆ ಕೆರೆದುಕೊಳ್ಳುತ್ತಿದ್ದರು. ಹವಾ ಟೀಚರ್ ಮನೆ ಎಂದರೆ ಬಾಗಿಲತನಕ ಬಂದು ಬಿಟ್ಟು ಹೋಗುತ್ತಿದ್ದರು. ಹೆಸರು ಹುಟ್ಟಿದ್ದು ಗೇಲಿಗೆ. ಗೇಲಿ ಹೋಗಿ ಹೆಸರಷ್ಟೇ ಉಳಿದದ್ದು ಹೇಗೆಂದು ಹೇಳುತ್ತೇನೆ, ಕೇಳಿ.

ಅವಳು ವಾಡಿ ಜಂಕ್ಷನ್ನಿನ ಲೋಕೋ ಶೆಡ್ಡಿನಲ್ಲಿ ಫಿಟ್ಟರ್ ಆಗಿದ್ದ ಅಬ್ದುಲ್ ಸಲಾಂ ಅವರ ಮಗಳು. ಉಗಿಬಂಡಿಯ ಬಾಯ್ಲರಿನಲ್ಲಿ ನೀರೆಷ್ಟಿದೆಯೆಂದು ತೋರಿಸುವ ದಪ್ಪ ಗಾಜಿನ ಕೊಳವೆಯ ಮುಂದೆ ಅಪ್ಪ ಅವಳನ್ನು ನಿಲ್ಲಿಸಿ, "ಒಳಗಿನ ಗುಟ್ಟು ಇದು ಹೇಳ್ತದ ನೋಡು ಬೇಟಾ" ಅನ್ನುತ್ತಿದ್ದರು. ಆ ಗುಟ್ಟಿನ ಬೆನ್ನು ಹತ್ತಿ ಹುಡುಗಿ ಗುಲ್ಬರ್ಗಾದಲ್ಲಿ ಬಿಎಸ್ಸಿ ಮುಗಿಸಿದಳು. ವಿಜ್ಞಾನದ ನಿಯಮಗಳು ಅವಳಿಗೆ ಸೂತ್ರಗಳಾಗಿ ನೆನಪಿರಲಿಲ್ಲ, ಜಗಳಗಳಾಗಿ ನೆನಪಿದ್ದವು. ಗೆಲಿಲಿಯೋ ಯಾರನ್ನು ಎದುರು ಹಾಕಿಕೊಂಡ, ಭೂಮಿ ಸುತ್ತುತ್ತದೆ ಎಂದವರನ್ನು ನೋಡಿ ಯಾರು ಯಾರು ನಕ್ಕರು, ಕಡೆಗೆ ಯಾರ ಬಾಯಿ ಮುಚ್ಚಿತು, ಎಲ್ಲ ಕಣ್ಣಾರೆ ಕಂಡವಳಂತೆ ಹೇಳುತ್ತಿದ್ದಳು.

೧೯೭೧ರಲ್ಲಿ ಶಹಾಬಾದಿನ ಹೆಣ್ಣುಮಕ್ಕಳ ಹೈಸ್ಕೂಲೊಂದು ಅವಳನ್ನು ವಿಜ್ಞಾನದ ಟೀಚರೆಂದು ಕರೆಸಿಕೊಂಡು ಹೊಲಿಗೆ ಕ್ಲಾಸಿಗೆ ಕೂಡಿಸಿತು. ಶಾಲೆಯ ಮಂಡಳಿಗೆ ಬಸವಂತರಾಯರು ಅಧ್ಯಕ್ಷರು; ಭಂಕೂರಿನಲ್ಲಿ ಅವರದೊಂದು ಕಲ್ಲಿನ ಖಣಿ. ಒಂಬತ್ತನೇ ತರಗತಿಗೆ ವಿಜ್ಞಾನ ಬೇಕೆಂದು ಅವಳು ಹೋದಾಗಲೆಲ್ಲ ಒಂದೇ ಮಾತು: "ರೊಟ್ಟಿ ಬಡೀಲಿಕ್ಕ ನ್ಯೂಟನ್ ಬೇಕೇನ್ರಿ?" ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಹೊಲಿಗೆಯ ನಡುವೆಯೇ, ಗಾಳಿಗೂ ತೂಕವಿದೆ ಎಂದು ಹುಡುಗಿಯರಿಗೆ ಹೇಳಿಬಿಟ್ಟಳು. ಸುದ್ದಿ ಮನೆಮನೆಗೆ ಹೋಯಿತು. ಟೀಚರಿಗೇ ಹವಾ ಬಡದದ ಎಂದು ಬಜಾರೆಲ್ಲ ನಕ್ಕು ಹೆಸರಿಟ್ಟಿತು. ಅದೇ ನೆಪ ಸಾಕಾಯಿತು. ವಿಜ್ಞಾನದ ಮಾತೇ ಬೇಡವೆಂದು ಮಂಡಳಿ ಠರಾವು ಮಾಡುವುದರಲ್ಲಿತ್ತು. ಠರಾವಾಗಿಬಿಟ್ಟರೆ, ನರ್ಸ್ ಆಗುತ್ತೇನೆಂದು ಹಟ ಹಿಡಿದಿದ್ದ, ಕಲ್ಲೊಡೆಯುವ ಸಾಬಮ್ಮನ ಮಗಳು ಭೀಮಬಾಯಿಯಂಥವರಿಗೆ ಬಾಗಿಲು ಮುಚ್ಚಿದಂತೆಯೇ.

ಅಷ್ಟರಲ್ಲಿ ಬಸವಂತರಾಯರ ಖಣಿಯ ನೀರೆತ್ತುವ ಎಂಜಿನ್ ಮುಷ್ಕರ ಹೂಡಿತು. ಮಳೆಗಾಲ ಮುಗಿದ ಮೇಲೆ ಖಣಿಯ ನೀರು ಹೊರಹಾಕುವುದು ಪ್ರತಿ ವರ್ಷದ ಕೆಲಸ. ಖಣಿಯ ದಂಡೆಗೊಂದು ಹಾಸುಗಲ್ಲಿಟ್ಟು, ಕುಂಕುಮ ಹಚ್ಚಿ, ಅದರ ಮೇಲೆ ಎಂಜಿನ್ ಕೂರಿಸಿ ಪೂಜೆ ಮಾಡುವುದು ಪದ್ಧತಿ. ಪೂಜೆಯಾದ ಮೇಲೆ ಎಂಜಿನ್ನನ್ನು ಆ ಕಲ್ಲಿನಿಂದ ಕದಲಿಸುವಂತಿಲ್ಲ. ಆದರೆ ಆ ವರ್ಷ ಖಣಿಯನ್ನು ಹೆಚ್ಚೇ ಆಳಕ್ಕೆ ಕಡಿದಿದ್ದರು. ನೀರು ದಂಡೆಯಿಂದ ಇಪ್ಪತ್ತೇಳು ಅಡಿ ಕೆಳಗಿಳಿಯಿತು, ಎಂಜಿನ್ ಬರೀ ಬುಸುಗುಟ್ಟಿತು. ರಾಯರು ಸೊಲ್ಲಾಪುರದಿಂದ ಅದರಪ್ಪನಂಥ ಎಂಜಿನ್ ತರಿಸಿದರು. ಅದೂ ಬುಸುಗುಟ್ಟಿತು. ನಿಂಬೆಹಣ್ಣು ಕೊಯ್ದರು, ಕೋಳಿ ಕೊಯ್ದರು. ಕೋಳಿ ಹೋಯಿತು, ನೀರು ಬರಲಿಲ್ಲ.

ಭೀಮಬಾಯಿಯಿಂದ ಸುದ್ದಿ ಕೇಳಿದವಳೇ ನಜಮುನ್ನೀಸಾ ಬುರ್ಖಾ ಹೊದ್ದು ಭಂಕೂರಿಗೆ ನಡೆದಳು.

"ರಾಯರಽ, ಎಂಜಿನ್ ನೀರು ಎಳೆಯಂಗಿಲ್ರಿ. ಅದು ಪೈಪಿನಾಗಿನ ಹವಾ ತೆಗೀತದ ಅಷ್ಟೇ. ಹೊರಗಿನ ಹವಾ ತನ್ನ ಭಾರ ಹಾಕಿ ನೀರು ಮ್ಯಾಲ ನೂಕ್ತದ. ಅದರ ಶಕ್ತಿಗೂ ಒಂದು ಹದ್ದು ಅದ. ಮುನ್ನೂರು ವರ್ಷದ ಹಿಂದ ಇಟಲಿಯಾಗ ಬಾವಿ ಪಂಪಿನವರು ಹಿಂಗೇ ತಲಿ ಮ್ಯಾಲ ಕೈ ಹೊತ್ತು ಕುಂತಿದ್ರು. ಟಾರಿಸೆಲ್ಲಿ ಅನ್ನಾವ ಕಾರಣ ಹೇಳ್ದ."

"ನಿಮ್ಮ ಟಾರಿಸೆಲ್ಲಿ ಭಂಕೂರು ನೋಡ್ಯಾನೇನು?" ರಾಯರು ನಕ್ಕರು. "ತೋರಿಸ್ರಿ. ತೋರಿಸಿದ್ರ ಹುಡುಗೇರಿಗಿ ವಿಜ್ಞಾನ ಕೊಡ್ತೀನಿ. ಇಲ್ಲಂದ್ರ ಜೀವನಪೂರ್ತಿ ಹೊಲಿಗಿ ಮಶೀನ್ ತುಳೀರಿ."

ಭಾನುವಾರ ಅಬ್ದುಲ್ ಸಲಾಂ ಕಬ್ಬಿಣದ ಪೈಪುಗಳನ್ನು ಉದ್ದಕ್ಕೆ ಜೋಡಿಸಿ, ತುದಿಗೆ ಲೋಕೋ ಶೆಡ್ಡಿನ ಹಳೆಯದೊಂದು ಗಾಜಿನ ಕೊಳವೆ ಕೂಡಿಸಿದರು. ಪೈಪನ್ನು ಖಣಿಯ ನೀರಿನಲ್ಲಿ ಮಲಗಿಸಿ, ನೀರು ತುಂಬಿದ ಮೇಲೆ ಗಾಜಿನ ತುದಿಗೆ ಬಿರಡೆ ಬಿಗಿದರು. ಖಣಿಯ ಗೋಡೆಗೂ ದಂಡೆಯ ಮೇಲೆ ನೆಟ್ಟ ಎತ್ತರದ ಕಂಬಕ್ಕೂ ಭೀಮಬಾಯಿ ಸುಣ್ಣದಿಂದ ಅಡಿಯ ಗುರುತು ಹಾಕಿದ್ದಳು. ಆ ಕಂಬದ ತುದಿಯ ರಾಟೆಯಿಂದ ಕಲ್ಲಿನಾಳುಗಳು ಗಾಜಿನ ತುದಿಯನ್ನು ಮೇಲಕ್ಕೆಳೆದರು. ಇನ್ನೊಂದು ತುದಿ ನೀರೊಳಗೇ ಇತ್ತು.

ಅರ್ಧಕ್ಕೆ ಬರುವಷ್ಟರಲ್ಲಿ ಗಾಜು ಖಾಲಿಯಾಯಿತು. ಜನ ಹೋ ಎಂದರು. ನಾನೇ ಈ ಮಕ್ಕಳ ಬಾಗಿಲಿಗೆ ಬೀಗ ಹಾಕಿದೆನಲ್ಲ ಎಂದುಕೊಂಡಳು ನಜಮುನ್ನೀಸಾ. ಆದರೆ ಅವಳ ಕಿವಿ ಲೋಕೋ ಶೆಡ್ಡಿನ ಕಿವಿ. ಒಂದು ಜೋಡಣೆಯ ಹತ್ತಿರ ಸಣ್ಣಗೆ ಸುಯ್ ಅನ್ನುತ್ತಿತ್ತು.

"ಅಬ್ಬಾಜಾನ್, ಅಲ್ಲಿ ಹವಾ ಒಳಗ ಹೋಗ್ಲಿಕತ್ತದ!"

ಅಪ್ಪ ಸೆಣಬು ಸುತ್ತಿ, ಸಂದು ಮುಚ್ಚುವ ಸಫೇದಾ ಬಳಿದು ಮತ್ತೆ ಬಿಗಿದರು. ಮತ್ತೆ ತುಂಬಿಸಿ ಎಳೆದರು. ಹತ್ತಡಿ, ಇಪ್ಪತ್ತಡಿ, ಗಾಜು ತುಂಬಿಯೇ ಇತ್ತು. ಮೂವತ್ತು ದಾಟಿತು. ಆಗ ಗಾಜು ಮೇಲೇರುತ್ತಲೇ ಹೋಯಿತು, ಒಳಗಿನ ನೀರು ಮಾತ್ರ ನಿಂತಲ್ಲೇ ನಿಂತಿತು. ನಗುತ್ತಿದ್ದವರು ಕತ್ತು ನೀಡಿ ನೋಡಿದರು. ಈ ಸಲ ಎಲ್ಲಿಯೂ ಸುಯ್ ಅನ್ನಲಿಲ್ಲ.

"ಇಗೋ, ಹವಾದ ಶಕ್ತಿ ಇಲ್ಲೀತನಕ! ಪಂಪಿಗಿ ಒಳಗಿನ ಹವಾ ಪೂರಾ ತೆಗೀಲಿಕ್ಕ ಬರಲ್ಲ, ಅದಕ್ಕ ಅದು ಇನ್ನೂ ಮೊದಲೇ ಸೋಲ್ತದ. ಎಂಜಿನ್ ಕೆಳಗ ಇಳಸ್ರಿ, ಅಲ್ಲೀತನಕ ಹವಾ ನೀರು ನೂಕ್ತದ, ಅಲ್ಲಿಂದ ಮ್ಯಾಲ ಎಂಜಿನ್ನೇ ನೂಕ್ತದ."

ರಾಯರು ಕುಂಕುಮ ಹಚ್ಚಿದ ಕಲ್ಲಿನ ಕಡೆ ನೋಡಿದರು. "ಇಳಸಬಹುದ್ರಿ. ಆದ್ರ ಪೂಜಾ ಆಗ್ಯಾದ. ಕಲ್ಲು ಬಿಟ್ಟು ಕದಲಿಸಂಗಿಲ್ಲ."

ಇದಕ್ಕೆ ಟಾರಿಸೆಲ್ಲಿಯ ಹತ್ತಿರ ಉತ್ತರವಿರಲಿಲ್ಲ. ಸಾಬಮ್ಮನ ಹತ್ತಿರ ಇತ್ತು. "ಕಲ್ಲು ಬಿಡು ಅಂದವರ‍್ಯಾರು? ಕಲ್ಲೂ ಇಳಸ್ರಿ. ಜಲಮೆಲ್ಲಾ ಕಲ್ಲು ಎತ್ತಿದ ಮಂದಿಗಿ ಇದೊಂದು ಭಾರೇನು?"

ಕುಂಕುಮ ಅಳಿಯದಂತೆ ಹಾಸುಗಲ್ಲನ್ನು ಖಣಿಯ ನಡುಮೆಟ್ಟಿಲಿಗೆ ಇಳಿಸಿ, ಅದರ ಮೇಲೆಯೇ ಎಂಜಿನ್ ಕೂರಿಸಿದರು. ಅದು ಕೆಮ್ಮಿತು, ಗುಡುಗಿತು, ಪೈಪಿನ ಬಾಯಿಂದ ತೋಳಿನಷ್ಟು ದಪ್ಪ ನೀರು ಧುಮುಕಿತು. ಭಂಕೂರೇ ಕೇಕೆ ಹಾಕಿತು. ಹುಡುಗಿಯರು ಲಂಗ ಎತ್ತಿ ಕಟ್ಟಿ ಆ ನೀರಿನಲ್ಲೇ ಕುಣಿದರು. ಅಬ್ದುಲ್ ಸಲಾಂ ಮುಖ ಒರೆಸಿಕೊಂಡದ್ದು ನೀರಿಗಷ್ಟೇ ಅಲ್ಲ.

ಬಸವಂತರಾಯರು ಹಟಮಾರಿ ಇರಬಹುದು, ಮಾತಿಗೆ ತಪ್ಪುವವರಲ್ಲ. ಜೂನಿನಲ್ಲಿ ವಿಜ್ಞಾನದ ತರಗತಿ ತೆರೆಯಿತು. ಮೊದಲ ದಿನ ಅವರು ತಮ್ಮ ಮಗಳು ಲಲಿತಾಬಾಯಿಯ ಕೈಹಿಡಿದು ತಂದು ಭೀಮಬಾಯಿಯ ಪಕ್ಕ ಕೂಡಿಸಿದರು. ಹೊರಗೆ ಹೋಗುವಾಗ ಬಾಗಿಲಲ್ಲಿ ನಿಂತು, ರುಮಾಲು ಮುಟ್ಟಿ ನೋಡಿಕೊಂಡು ಮೆಲ್ಲಗೆ ಕೇಳಿದರು:

"ಟೀಚರಮ್ಮ, ಖರೇ ಹೇಳ್ರಿ. ನನ್ನ ತಲಿ ಮ್ಯಾಲ ಎಷ್ಟು ಹವಾ ಅದ?"

ಹವಾ ಟೀಚರ್ ಬೆಂಚುಗಳ ಕಡೆ ತಿರುಗಿ ನೋಡಿದಳು.

"ಈ ಹುಡುಗೇರ ತಲಿ ಮ್ಯಾಲ ಎಷ್ಟದನೋ, ಅಷ್ಟೇ ಅದರಿ."