ಮಣ್ಣು ಮುಟ್ಟಿ ಹೇಳಿದ ರೈಡರ್

ಭೀಮೇಶನ ಬಗ್ಗೆ ಬರೆಯಲು ಕೂತರೆ ನನ್ನ ಬಗ್ಗೆಯೂ ಒಂದಿಷ್ಟು ಬರೆಯದೆ ವಿಧಿಯಿಲ್ಲ. ಶಿವಮೊಗ್ಗದ ಕಾಲೇಜಿನಲ್ಲಿ ಮೂರು ವರ್ಷ ಒಂದೇ ತಂಡದಲ್ಲಿ ಕಬಡ್ಡಿ ಆಡಿದವರು ನಾವು. ಅವನು ರೈಡರ್, ನಾನು ಮೂಲೆಯಲ್ಲಿ ನಿಂತು ಕಾಲು ಹಿಡಿಯುವವ. ಅವನು ಎದುರಾಳಿಗಳ ಅಂಕಣಕ್ಕೆ ನುಗ್ಗಿದರೆ ಹಾಸ್ಟೆಲ್ ಅಡುಗೆಯವರೂ ಸೌಟು ಹಿಡಿದುಕೊಂಡೇ ಬಂದು ಕೂಗುತ್ತಿದ್ದರು. ನನ್ನ ಹೆಸರು ಕೂಗಿದವರು ಯಾರೂ ಇಲ್ಲ, ನಮ್ಮಮ್ಮನೂ ಸೇರಿ.

ನಮ್ಮ ಕಡೆಯ ಮಣ್ಣಿನ ಅಂಕಣದಲ್ಲಿ ಒಂದು ಪದ್ಧತಿಯಿತ್ತು. ರೈಡರ್ ಮುಟ್ಟಿದನೋ ಇಲ್ಲವೋ ಎಂದು ತಕರಾರು ಬಂದರೆ ಅವನನ್ನೇ ಕೇಳುವುದು. ಅವನು ಬಗ್ಗಿ ಮಣ್ಣು ಮುಟ್ಟಿ ಹೇಳಿದರೆ ಮುಗಿಯಿತು, ಅಂಪೈರ್ ಕೂಡ ಅದನ್ನೇ ಒಪ್ಪುತ್ತಿದ್ದ.

ಕೊನೆಯ ವರ್ಷ ಭದ್ರಾವತಿಯಲ್ಲಿ ಫೈನಲ್. ಪ್ರೊಫೆಷನಲ್ ಲೀಗ್‌ನ ತಂಡವೊಂದರವರು ಆಟಗಾರರನ್ನು ಆರಿಸಲು ಬಂದಿದ್ದರು. ಒಬ್ಬನಿಗೆ ಮಾತ್ರ ಅವಕಾಶ ಎಂದು ಸುದ್ದಿ. ಅದು ಭೀಮೇಶನಿಗೋ ಎದುರು ತಂಡದ ಸಿದ್ದಯ್ಯನಿಗೋ ಎಂದು ಎಲ್ಲರಿಗೂ ಗೊತ್ತಿತ್ತು. ಅಂಕ ಸಮ, ಕೊನೆಯ ರೈಡ್. ಭೀಮೇಶ್ ಕೈ ಚಾಚಿದ, ಸಿದ್ದಯ್ಯ ಹಿಂದೆ ಸರಿದ. ನಡುವೆ ನಾಲ್ಕು ಬೆರಳಿನಷ್ಟು ಜಾಗ ಉಳಿದಿತ್ತು. ನಾನು ಕಣ್ಣಾರೆ ನೋಡಿದೆ. ಭೀಮೇಶ್ ಮಾತ್ರ ಕೈ ಮೇಲೆತ್ತಿ, ಪಾಯಿಂಟ್ ಎಂದು ಕೂಗುತ್ತಾ ಓಡಿ ಬಂದ.

“ಎಲ್ಲಿ ಮುಟ್ಟಿದ್ಯೋ? ಮಣ್ಣು ಮುಟ್ಟಿ ಹೇಳು,” ಅಂದ ಸಿದ್ದಯ್ಯ.

ಭೀಮೇಶ್ ಬಗ್ಗಿ ಮಣ್ಣು ಮುಟ್ಟಿದ. “ಮುಟ್ಟಿದೀನಿ.”

ಸಿದ್ದಯ್ಯ ನನ್ನ ಕಡೆ ತಿರುಗಿದ. “ನೀನಾದ್ರೂ ಹೇಳೋ ಮಾರಾಯ, ನೋಡಿದೀಯಲ್ಲ!”

ನಾನು ಪಾದದ ಮುಳ್ಳು ತೆಗೆಯುವವನಂತೆ ಬಗ್ಗಿದೆ. ಮುಳ್ಳು ಇರಲೇ ಇಲ್ಲ. ಹತ್ತು ನಿಮಿಷದ ನಂತರ ಕಪ್ ಹಿಡಿದು ಹಲ್ಲು ಬಿಟ್ಟು ಫೋಟೋಕ್ಕೆ ನಿಂತೆ. ಆ ಫೋಟೋ ಈಗಲೂ ನಮ್ಮನೆಯಲ್ಲಿದೆ, ಬೀರುವಿನ ಹಿಂದೆ.

ಭೀಮೇಶ್ ಲೀಗ್ ಸೇರಿದ. ಬಸ್‌ಸ್ಟ್ಯಾಂಡ್ ಹತ್ತಿರ ಅವನ ಫ್ಲೆಕ್ಸ್ ಕಟ್ಟಿದರು. ಮೊದಲ ಸೀಸನ್ ಹನ್ನೊಂದು ಪಂದ್ಯ ಆಡಿದ. ಎರಡನೆಯದರಲ್ಲಿ ಮಂಡಿ ಹೋಯಿತು. ಮೂರನೆಯದನ್ನು ಬೆಂಚಿನ ಮೇಲೆ ಕಳೆದ, ಆಮೇಲೆ ತಂಡ ಅವನನ್ನು ಬಿಟ್ಟಿತು. ಈಗ ಮಾಚೇನಹಳ್ಳಿಯ ಕಾರ್ಖಾನೆಯೊಂದರ ಸ್ಟೋರ್‌ನಲ್ಲಿದ್ದಾನೆ. ಟಿವಿಯಲ್ಲಿ ಕಬಡ್ಡಿ ಬಂದರೆ ಎದ್ದು ಹೊರಗೆ ಹೋಗುತ್ತಾನೆ. ಮಂಡಿಯ ನೋವಿಗೆ ಎಂದು ಅವನ ಹೆಂಡತಿ ತಿಳಿದಿದ್ದಾಳೆ.

ಈ ವರ್ಷ ಭದ್ರಾವತಿಯ ಟೂರ್ನಿಗೆ ಕಾರ್ಖಾನೆಯ ತಂಡ ಮಂಡಿಗೆ ಪಟ್ಟಿ ಕಟ್ಟಿಸಿ ಅವನನ್ನೂ ಆಡಲು ಎಳೆದುಕೊಂಡು ಹೋಯಿತು. ನಾನೂ ನೋಡಲು ಹೋದೆ. ಅಂಪೈರ್ ಸಿದ್ದಯ್ಯ. ವಾರವೆಲ್ಲ ವೆಲ್ಡಿಂಗ್ ಮಾಡಿ ಭಾನುವಾರ ಸೀಟಿ ಊದುತ್ತಾನಂತೆ. ಅವನನ್ನು ಕಂಡದ್ದೇ ಭೀಮೇಶ್ ನನ್ನ ತೋಳು ಹಿಡಿದ. “ಆಟ ಮುಗೀಲಿ, ಇವತ್ತು ಹೇಳ್ಬಿಡ್ತೀನಿ. ಹೊಟ್ಟೇಲಿ ಇಟ್ಕೊಂಡು ಸಾಕಾಗಿದೆ.”

ಎರಡನೇ ಅರ್ಧದಲ್ಲಿ ಭೀಮೇಶನ ಬೆರಳು ಎದುರಾಳಿಯೊಬ್ಬನ ಮೊಣಕೈಗೆ ತಾಗಿತು. ಈ ಸಲ ನಿಜವಾಗಿಯೂ ತಾಗಿತು. ತಕರಾರು ಎದ್ದಿತು. ಯಾರೂ ಕೇಳುವ ಮೊದಲೇ ಭೀಮೇಶ್ ಬಗ್ಗಿ ಮಣ್ಣಿನ ಮೇಲೆ ಕೈಯಿಟ್ಟ. ಸಿದ್ದಯ್ಯ ಅವನನ್ನು ದಾಟಿ ಆ ಎದುರಾಳಿಯ ಬಳಿ ಹೋದ.

“ನೀನು ಹೇಳಪ್ಪ, ತಾಗ್ತಾ?”

“ತಾಗಿದೆ ಸಾರ್,” ಎಂದು ಅವನು ತಾನೇ ಹೊರಗೆ ನಡೆದ.

ಅಂಕ ನಮ್ಮದಾಯಿತು. ನಮ್ಮವರು ಚಪ್ಪಾಳೆ ತಟ್ಟಿದರು. ಭೀಮೇಶ್ ಮಾತ್ರ ನೆಲದಿಂದ ಕೈ ತೆಗೆಯಲಿಲ್ಲ. “ಅವತ್ತು ಮುಟ್ಟಿರ್ಲಿಲ್ಲ ಕಣೋ ಸಿದ್ದಯ್ಯ,” ಅಂದ. ಅವನ ಮುಖ ಕುತ್ತಿಗೆಯವರೆಗೂ ಕೆಂಪೇರಿತ್ತು.

“ಗೊತ್ತಲ್ಲ ಮಾರಾಯ,” ಅಂದ ಸಿದ್ದಯ್ಯ. ದನಿಯಲ್ಲಿ ಸಿಟ್ಟೂ ಇರಲಿಲ್ಲ. “ಏಳು, ಟೈಮ್ ಹೋಗ್ತಿದೆ.”

ಗೆರೆಯ ಆಚೆ, ಎರಡೇ ಹೆಜ್ಜೆ ದೂರದಲ್ಲಿ ನಾನಿದ್ದೆ. ಅವತ್ತು ನಾನೂ ನೋಡಿದ್ದೆ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಸಿದ್ದಯ್ಯ ಸೀಟಿ ಊದಿದ. ಊದದಿದ್ದರೂ ನಾನು ಹೇಳುತ್ತಿರಲಿಲ್ಲ.